ಕಾರವಾರದಲ್ಲಿ ಇಬ್ಬರು ಸೇರಿ ಬಾಡಿಗೆ ಮನೆ ಮಾಡುವುದಾದರೆ: ಯಾವ ಭಾಗ, ಹೇಗೆ ಆರಿಸಬೇಕು

ಮೇ ತಿಂಗಳು ಬಂತೆಂದರೆ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರತೊಡಗುತ್ತದೆ. ಒಬ್ಬರಿಗೆ ಜಿಲ್ಲಾಧಿಕಾರಿ ಕಚೇರಿಗೆ ವರ್ಗವಾಗಿರುತ್ತದೆ, ಇನ್ನೊಬ್ಬರಿಗೆ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಶುಶ್ರೂಷಕಿಯ ಕೆಲಸ ಸಿಕ್ಕಿರುತ್ತದೆ, ಮತ್ತೊಬ್ಬರ ಮಗ ಮಾಜಾಳಿಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿಗೆ ಸೇರುವವನಿರುತ್ತಾನೆ. ಎಲ್ಲರೂ ಕೇಳುವುದು ಇಷ್ಟೇ: ಜೊತೆಗೊಬ್ಬರಿದ್ದಾರೆ, ಬಾಡಿಗೆ ಹಂಚಿಕೊಳ್ಳುತ್ತೇವೆ, ಕಾರವಾರದಲ್ಲಿ ಯಾವ ಭಾಗ ಒಳ್ಳೆಯದು?

ಒಂದು ಹೆಸರು ಹೇಳಿ ಮುಗಿಸುವ ಪ್ರಶ್ನೆ ಇದಲ್ಲ. ಕಾರವಾರ ದೊಡ್ಡ ಊರೇನೂ ಅಲ್ಲ. ಆದರೆ ಪಡುವಣಕ್ಕೆ ಕಡಲು, ಬಡಗಣಕ್ಕೆ ಕಾಳಿ ನದಿ, ಬೆನ್ನಿಗೆ ಗುಡ್ಡ. ನಡುವೆ ಸಿಕ್ಕ ಜಾಗದಲ್ಲಿ ಊರು ಬೆಳೆದಿದೆ. ನಕಾಶೆಯಲ್ಲಿ ಕೂಗಳತೆಯಲ್ಲಿ ಕಂಡ ಮನೆಗೆ ಹೋಗಲು ಸೇತುವೆ ದಾಟಬೇಕಾಗಬಹುದು, ಇಲ್ಲವೇ ಸುರಂಗ ಹಾಯಬೇಕಾಗಬಹುದು. ಆದ್ದರಿಂದ ನಾನು ಹೇಳುವ ಕ್ರಮ ಸ್ವಲ್ಪ ತಲೆಕೆಳಗು. ಮೊದಲು ನಿಮ್ಮಿಬ್ಬರ ವೇಳಾಪಟ್ಟಿ ನೋಡಿ, ಆಮೇಲೆ ಜುಲೈ ತಿಂಗಳನ್ನು ಕಣ್ಣ ಮುಂದೆ ತಂದುಕೊಳ್ಳಿ, ಬಾಡಿಗೆಯ ಮೊತ್ತ ಮೂರನೆಯದು. ಹೆಚ್ಚಿನವರು ಇದನ್ನು ಹಿಂದುಮುಂದಾಗಿ ಮಾಡಿ, ಆಗಸ್ಟ್ ಹೊತ್ತಿಗೆ ಮತ್ತೆ ಮನೆ ಹುಡುಕಲು ಹೊರಡುತ್ತಾರೆ.

ಹೊರಡುವ ಮುನ್ನ ಕೈಯಲ್ಲಿರಬೇಕಾದ್ದು: ಇಬ್ಬರ ಆಧಾರ್ ಪ್ರತಿ, ಕೆಲಸದ ಅಥವಾ ಕಾಲೇಜಿನ ಗುರುತು, ಮುಂಗಡಕ್ಕೆ ಬೇಕಾದ ಹಣ, ಒಂದು ಟಾರ್ಚು, ಒಂದು ಸಣ್ಣ ಸಾಬೂನು. ಸಾಬೂನು ಯಾಕೆಂದು ಮುಂದೆ ಹೇಳುತ್ತೇನೆ.

1. ಒಂದೂ ಮನೆ ನೋಡುವ ಮೊದಲು ಇಬ್ಬರೂ ಕುಳಿತು ಮಾತಾಡಿ

ಗೆಳೆತನ ಎಷ್ಟು ಹಳೆಯದಾದರೂ ಈ ಮಾತುಕತೆಯನ್ನು ಬಿಡಬೇಡಿ. ಒಂದೇ ಬೆಂಚಿನಲ್ಲಿ ಕುಳಿತು ಓದಿದವರು ಒಂದೇ ಅಡುಗೆಮನೆಯಲ್ಲಿ ಹೊಂದಿಕೊಳ್ಳುತ್ತಾರೆ ಎಂಬುದಕ್ಕೆ ಖಾತರಿಯಿಲ್ಲ.

ಮೊದಲು ಸಮಯ. ಯಾರು ಎಷ್ಟು ಹೊತ್ತಿಗೆ ಮನೆ ಬಿಡುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ? ಒಬ್ಬರಿಗೆ ರಾತ್ರಿ ಪಾಳಿ ಇದ್ದರೆ ಹಗಲು ನಿದ್ದೆ ಮಾಡಲು ಸದ್ದಿಲ್ಲದ ಕೋಣೆ ಬೇಕು. ಹೆದ್ದಾರಿ 66ಕ್ಕೆ ಮುಖ ಮಾಡಿದ ಮನೆಗಳು ಅಲ್ಲಿಗೇ ಪಟ್ಟಿಯಿಂದ ಹೋದವು.

ಎರಡನೆಯದು ಹಣದ ಗರಿಷ್ಠ ಮಿತಿ. ಬಾಡಿಗೆಯೊಂದೇ ಅಲ್ಲ, ಮುಂಗಡ, ನೀರು, ವಿದ್ಯುತ್, ಅಡುಗೆ ಅನಿಲ, ಓಡಾಟ ಎಲ್ಲ ಸೇರಿ ತಿಂಗಳಿಗೆ ಎಷ್ಟು ದಾಟಬಾರದು ಎಂದು ಇಬ್ಬರೂ ಬೇರೆ ಬೇರೆಯಾಗಿ ಬರೆದುಕೊಳ್ಳಿ. ಎರಡರಲ್ಲಿ ಕಡಿಮೆ ಇರುವ ಮೊತ್ತವೇ ನಿಮ್ಮ ಮಿತಿ. ಹೆಚ್ಚು ಕೊಡಬಲ್ಲವರು ಉದಾರಿಗಳಾಗಿ "ಪರವಾಗಿಲ್ಲ, ನಾನು ಹಾಕುತ್ತೇನೆ" ಎನ್ನುವುದು ಎರಡು ತಿಂಗಳು ಚೆನ್ನಾಗಿರುತ್ತದೆ, ಅಷ್ಟೆ.

ಮೂರನೆಯದು ಮೀನು. ನಗಬೇಡಿ. ಕಾರವಾರದಲ್ಲಿ ಈ ಮಾತು ಮೊದಲ ದಿನವೇ ಆಗಬೇಕು. ಶಿರಸಿ, ಸಿದ್ದಾಪುರದ ಕಡೆಯಿಂದ ಬಂದ ಸಸ್ಯಾಹಾರಿ ಒಬ್ಬರು, ಅಂಕೋಲೆಯ ಕಡೆಯಿಂದ ಬಂದು ಬಂಗಡೆ ಇಲ್ಲದೆ ಊಟವೇ ಸೇರದವರು ಇನ್ನೊಬ್ಬರು, ಒಲೆ ಒಂದೇ. ಇಂಥ ಜೋಡಿಗಳು ಸುಖವಾಗಿ ಇದ್ದದ್ದೂ ಉಂಟು. ಅವರೆಲ್ಲ ಮೊದಲೇ ನಿಯಮ ಮಾಡಿಕೊಂಡವರು. ಪಾತ್ರೆ ಬೇರೆ, ಮೀನು ಮಾಡುವ ದಿನ ಗೊತ್ತುಪಡಿಸಿದ್ದು, ಮೀನು ಕೊಯ್ದು ತೊಳೆಯಲು ಹಿತ್ತಿಲಲ್ಲಿ ನಲ್ಲಿ ಇರುವ ಮನೆ. ಈ ಕೊನೆಯದು ಮನೆ ಆರಿಸುವಾಗಲೇ ನೋಡಬೇಕಾದ್ದು. ಮೂರನೇ ಮಹಡಿಯ ಖೋಲಿಯಲ್ಲಿ ಹಿತ್ತಿಲು ಎಲ್ಲಿಂದ ಬರಬೇಕು? ಮಾಲೀಕರಲ್ಲಿ ಕೆಲವರು ಮಾಂಸ, ಮೀನು ಬೇಯಿಸಬಾರದು ಎಂಬ ಷರತ್ತು ಹಾಕುತ್ತಾರೆ. ಅಲ್ಲಿ "ಆಗಲಿ" ಎಂದು ಹೇಳಿ ಆಮೇಲೆ ಕದ್ದು ಹುರಿಯುವ ಯೋಜನೆ ಬೇಡ. ಮೀನು ಹುರಿದ ವಾಸನೆ ಯಾರ ಗುಟ್ಟನ್ನೂ ಕಾಯುವುದಿಲ್ಲ.

ನಾಲ್ಕನೆಯದು ಅವಧಿ. ಒಬ್ಬರಿಗೆ ಆರು ತಿಂಗಳಲ್ಲಿ ವರ್ಗವಾಗುವ ಸಂಭವ ಇದ್ದರೆ ಅಥವಾ ತರಬೇತಿ ಮುಗಿಯುವುದಿದ್ದರೆ ಈಗಲೇ ಬಾಯಿ ಬಿಟ್ಟು ಹೇಳಬೇಕು. ಪ್ರತಿ ಶನಿವಾರ ಊರಿಗೆ ಹೋಗುವವರು ಖರ್ಚಿನಲ್ಲಿ ಏನನ್ನು ಬಿಡುತ್ತಾರೆ, ಏನನ್ನು ಬಿಡುವುದಿಲ್ಲ ಎಂಬುದೂ ಇಲ್ಲೇ ತೀರ್ಮಾನವಾಗಲಿ.

2. ನಿಮ್ಮ ಕೆಲಸ ಯಾವ ದಿಕ್ಕಿಗೆ ಎಂದು ಗುರುತು ಹಾಕಿ

ಕಾರವಾರದಿಂದ ಹೊರಗೆ ಹೋಗುವ ದಿಕ್ಕುಗಳು ಮೂರು. ಬಡಗಣಕ್ಕೆ ಕಾಳಿ ಸೇತುವೆ ದಾಟಿದರೆ ಸದಾಶಿವಗಡ, ಚಿತ್ತಾಕುಲ, ಮಾಜಾಳಿ, ಆಚೆ ಗೋವಾ. ತೆಂಕಣಕ್ಕೆ ಸುರಂಗ ಹಾದರೆ ಬಿಣಗಾದ ಕಾರ್ಖಾನೆ, ಅರಗಾದ ಕಡೆ ಐಎನ್‌ಎಸ್ ಕದಂಬ ನೌಕಾನೆಲೆ, ಮುಂದೆ ಅಂಕೋಲಾ. ಮೂಡಣಕ್ಕೆ ಕಾಳಿಯ ಗುಂಟ ಒಳನಾಡಿಗೆ ಹೋದರೆ ಕದ್ರಾ, ಮಲ್ಲಾಪುರ, ಕೈಗಾ.

ಸೇತುವೆ ಮತ್ತು ಸುರಂಗ ಎರಡೂ ಕುತ್ತಿಗೆಯಂಥವು. ಅಲ್ಲಿ ತಡೆಯಾದರೆ ಸುತ್ತು ಹಾಕಲು ಸಲೀಸಾದ ದಾರಿಯಿಲ್ಲ. 2024ರ ಆಗಸ್ಟ್ 7ರ ನಸುಕಿಗೆ ಮುಂಚೆ ಕಾಳಿಯ ಹಳೆಯ ಸೇತುವೆ ಕುಸಿದುಬಿತ್ತು. ಆಮೇಲೆ ಎರಡೂ ದಿಕ್ಕಿನ ವಾಹನಗಳ ಭಾರ ಹೊಸ ಸೇತುವೆಯ ಮೇಲೆಯೇ ಬಿತ್ತು. ಅದಕ್ಕೂ ಹಿಂದಿನ ವರ್ಷ, 2023ರ ಮಳೆಗಾಲದಲ್ಲಿ, ಸುರಕ್ಷತೆಯ ಪ್ರಶ್ನೆ ಎದ್ದು ಸುರಂಗಗಳನ್ನು ಕೆಲಕಾಲ ಮುಚ್ಚಿದ್ದರು. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದಾಯಿತು. ಇವು ನಿತ್ಯ ನಡೆಯುವ ಸಂಗತಿಗಳಲ್ಲ. ಆದರೆ ಭಾರೀ ಮಳೆಯ ದಿನ ಜಿಲ್ಲಾಡಳಿತ ಶಾಲೆ ಕಾಲೇಜುಗಳಿಗೆ ರಜೆ ಕೊಡುತ್ತದೆ, ಆಸ್ಪತ್ರೆಯ ಪಾಳಿಗೆ ರಜೆ ಸಿಗುವುದಿಲ್ಲ. ತಪ್ಪಿಸಲಾಗದ ಕೆಲಸ ಇರುವವರ ಮನೆ ಮತ್ತು ಕೆಲಸದ ನಡುವೆ ಈ ಕುತ್ತಿಗೆಗಳು ಬರದಂತೆ ನೋಡಿಕೊಳ್ಳುವುದು ಮೊದಲ ನಿಯಮ.

ಇಬ್ಬರ ಕೆಲಸವೂ ಬೇರೆ ಬೇರೆ ದಿಕ್ಕಿಗಿದ್ದರೆ? ನಡುಮಧ್ಯೆ ಮನೆ ಮಾಡಿ ಇಬ್ಬರೂ ಅರ್ಧರ್ಧ ಕಷ್ಟಪಡುವುದು ನ್ಯಾಯವೆಂದು ತೋರುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಓಡಾಡಬೇಕಾದವರಿಗೆ ಮನೆ ಹತ್ತಿರವಿರಲಿ, ಇನ್ನೊಬ್ಬರಿಗೆ ಬಾಡಿಗೆಯಲ್ಲಿ ಕೆಲವು ನೂರು ರೂಪಾಯಿ ಕಡಿಮೆಯಾಗಲಿ. ಹಾಗೆ ಮಾಡಿದರೆ ಇಬ್ಬರಿಗೂ ಗೊಣಗಲು ಕಾರಣ ಇರುವುದಿಲ್ಲ.

ಕೈಗಾ ಕಡೆ ಹೋಗುವವರಿಗೆ ಒಂದು ಮಾತು: ನಿಮ್ಮ ಕಂಪನಿಯ ಅಥವಾ ಗುತ್ತಿಗೆದಾರರ ವಾಹನ ಊರಲ್ಲಿ ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಮೊದಲು ಕೇಳಿ, ಆ ನಿಲುಗಡೆಗೆ ನಡೆದು ಹೋಗುವಷ್ಟು ದೂರದಲ್ಲಿ ಮನೆ ಹುಡುಕಿ. ಕೈಗಾ ಹತ್ತಿರವಾಗಲಿ ಎಂದು ಕದ್ರಾ, ಮಲ್ಲಾಪುರದ ಸುತ್ತ ನೋಡುವವರು ಮನೆ ನದಿಗಿಂತ ಎಷ್ಟು ಎತ್ತರದಲ್ಲಿದೆ ಎಂದು ಕಣ್ಣಾರೆ ಕಾಣಬೇಕು. ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕೆಳಗಿನ ದಂಡೆಯ ಮನೆಗಳಿಗೆ ಕಾಳಿ ನುಗ್ಗುತ್ತದೆ. 2019ರ ಆಗಸ್ಟಿನಲ್ಲಿ ಹಾಗೆಯೇ ಆಯಿತು.

3. ಭಾಗಗಳನ್ನು ಒಂದೊಂದಾಗಿ ತೂಗಿ

ಊರ ನಡುವೆ, ಅಂದರೆ ಬಸ್ ನಿಲ್ದಾಣ, ಗ್ರೀನ್ ಸ್ಟ್ರೀಟ್, ಪಿಕಳೆ ರಸ್ತೆಯ ಸುತ್ತಮುತ್ತ ಮನೆ ಸಿಕ್ಕರೆ ವಾಹನವೇ ಬೇಡ. ಕಚೇರಿ, ಆಸ್ಪತ್ರೆ, ಖಾನಾವಳಿ, ಭಾನುವಾರದ ಸಂತೆ ಎಲ್ಲ ಕಾಲ್ನಡಿಗೆಯಲ್ಲಿ. ಕೆಲಸಕ್ಕೆ ಹೊಸಬರಾದ, ಸ್ಕೂಟರ್ ಇಲ್ಲದ ಇಬ್ಬರಿಗೆ ಇದಕ್ಕಿಂತ ಒಳ್ಳೆಯ ಭಾಗವಿಲ್ಲ. ಬಾಡಿಗೆ ಜಾಸ್ತಿ, ಕೋಣೆಗಳು ಇಕ್ಕಟ್ಟು, ಗಾಡಿ ನಿಲ್ಲಿಸಲು ಜಾಗ ಸಿಗುವುದು ಪುಣ್ಯ. ಹಳೆಯ ಕಟ್ಟಡವಾದರೆ ವಿದ್ಯುತ್ ತಂತಿಗಳೂ ಹಳೆಯವೇ ಇರುತ್ತವೆ.

ಕಾಜುಬಾಗ, ಹಬ್ಬುವಾಡ, ನಂದನಗದ್ದಾ, ಸುಂಕೇರಿ ಕಡೆ ವಾಸದ ಮನೆಗಳು ಹೆಚ್ಚು. ಮಾಲೀಕರು ಕೆಳಗಿದ್ದು ಮೇಲಿನ ಮಹಡಿಯನ್ನು ಬಾಡಿಗೆಗೆ ಕೊಡುವ ಮನೆಗಳು ಈ ಕಡೆ ಸಿಗುತ್ತವೆ. ಹೆಣ್ಣುಮಕ್ಕಳಿಬ್ಬರು ಮನೆ ಮಾಡುವುದಾದರೆ ನಾನು ಮೊದಲು ಇಲ್ಲಿ ನೋಡಲು ಹೇಳುತ್ತೇನೆ, ನೆರೆಹೊರೆಯ ಕಣ್ಣಿರುತ್ತದೆ. ಆ ಕಣ್ಣು ಅತಿಯಾಗುವುದೂ ಉಂಟು, ಅದನ್ನು ಮಾಲೀಕರ ಜೊತೆ ಹತ್ತು ನಿಮಿಷ ಮಾತಾಡಿದರೆ ತಿಳಿಯುತ್ತದೆ. ಆದರೆ ಒಂದೇ ಭಾಗದಲ್ಲಿ ಒಂದು ಓಣಿ ಎತ್ತರದಲ್ಲಿದ್ದು ಪಕ್ಕದ ಓಣಿ ತಗ್ಗಿನಲ್ಲಿರಬಹುದು. ಭಾಗದ ಹೆಸರು ನೋಡಿ ಒಪ್ಪಬೇಡಿ, ಓಣಿ ನೋಡಿ ಒಪ್ಪಿ.

ಕೋಡಿಬಾಗ ಕಾಳಿ ಸೇತುವೆಯ ಈಚೆಗಿದೆ. ಊರಿಗೂ ಸದಾಶಿವಗಡಕ್ಕೂ ಅನುಕೂಲ. ಇಲ್ಲಿ ನದಿ ಕಡಲನ್ನು ಸೇರುವುದರಿಂದ ಭರತದ ನೀರು ನದಿಯೊಳಗೆ ಏರುತ್ತದೆ. ದಂಡೆಗೆ ಹತ್ತಿರದ ಬಾವಿಗಳ ನೀರು ಬೇಸಿಗೆಯಲ್ಲಿ ಉಪ್ಪಾಗಬಹುದು. ಬೈತಖೋಲದಲ್ಲಿ ಬಂದರು, ಮೀನುಗಾರಿಕೆ ಧಕ್ಕೆ. ವಾಸನೆಗೂ ನಸುಕಿನ ಗಲಾಟೆಗೂ ಒಗ್ಗಿದವರಿಗೆ ತೊಂದರೆಯಿಲ್ಲ. ಗುಡ್ಡದ ಬುಡಕ್ಕೆ ಆತುಕೊಂಡ ಮನೆಯಾದರೆ ಬೇಡವೆನ್ನಿ.

ಬಿಣಗಾ, ಅರಗಾ, ಚೆಂಡಿಯಾ ಅಲ್ಲಿಯೇ ಕೆಲಸ ಇರುವವರಿಗೆ. ಮಳೆಗಾಲದಲ್ಲಿ ಅರಗಾ, ಚೆಂಡಿಯಾ ಕಡೆ ನೀರು ನಿಂತು ಮನೆಗಳಿಗೆ ನುಗ್ಗಿದ ಸುದ್ದಿಯನ್ನು ನೀವು ಓದಿಯೇ ಇರುತ್ತೀರಿ. ಗುಡ್ಡದಿಂದ ಇಳಿದ ನೀರಿಗೆ ಕಡಲಿಗೆ ಹೋಗುವ ದಾರಿ ಸಾಲದೇ ಇರುವುದು ಅಲ್ಲಿಯವರ ಹಳೆಯ ದೂರು. ಶಿರವಾಡದಲ್ಲಿ ಕೊಂಕಣ ರೈಲು ನಿಲ್ದಾಣವಿದೆ. ವಾರವಾರ ಮಡಗಾಂವ್‌ಗೋ ಕುಮಟೆಗೋ ಉಡುಪಿಗೋ ರೈಲಿನಲ್ಲಿ ಹೋಗಿಬರುವವರಿಗೆ ಒಳ್ಳೆಯದು. ರಾತ್ರಿ ಇಳಿದು ಊರೊಳಗೆ ಬರಲು ರಿಕ್ಷಾಕ್ಕೆ ಎಷ್ಟು ತೆರಬೇಕಾಗುತ್ತದೆ ಎಂದು ಅಲ್ಲಿಯ ನಿಲ್ದಾಣದಲ್ಲೇ ವಿಚಾರಿಸಿ.

ಸದಾಶಿವಗಡ, ಚಿತ್ತಾಕುಲ, ಮಾಜಾಳಿ ನದಿಯಾಚೆ. ಅಂಗಳ, ತೆಂಗಿನ ಮರ, ಸ್ವಂತ ಬಾವಿ ಇರುವ ಮನೆ ಬೇಕೆನ್ನುವವರು ಇತ್ತ ನೋಡಬೇಕು. ಎಂಜಿನಿಯರಿಂಗ್ ಕಾಲೇಜಿನವರಿಗೆ, ಗೋವಾದಲ್ಲಿ ಕೆಲಸ ಇರುವವರಿಗೆ ಇದೇ ಸರಿ. ಇದು ನಗರಸಭೆಯ ವ್ಯಾಪ್ತಿಯಲ್ಲ, ಗ್ರಾಮ ಪಂಚಾಯಿತಿಯದು. ಕಸ ಒಯ್ಯುವ ವ್ಯವಸ್ಥೆ, ನಲ್ಲಿ ನೀರು, ಬೀದಿ ದೀಪ ಹೇಗಿವೆ ಎಂದು ಬೇರೆಯಾಗಿ ಕೇಳಿಕೊಳ್ಳಿ. ರಾತ್ರಿಯ ಕೊನೆಯ ಬಸ್ ಎಷ್ಟು ಗಂಟೆಗೆ ಎಂಬುದನ್ನೂ.

ಇನ್ನು, ಕಡಲು ಕಾಣುವ ಮನೆ ಬೇಕು ಎನ್ನುವವರು. ಟಾಗೋರರು ಯೌವನದಲ್ಲಿ ಇಲ್ಲಿಗೆ ಬಂದು ಕಡಲ ಸೊಬಗಿಗೆ ಮನಸೋತದ್ದು ನಿಜ. ಅವರು ಉಳಿದುಕೊಂಡದ್ದು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ. ಬಾಡಿಗೆಯ ಚಿಂತೆಯೂ ಇರಲಿಲ್ಲ, ತುಕ್ಕು ಹಿಡಿಯುವ ಸ್ಕೂಟರೂ ಇರಲಿಲ್ಲ. ಉಪ್ಪುಗಾಳಿ ಬಾಗಿಲ ಕೀಲು, ಕಿಟಕಿಯ ಸರಳು, ಫ್ರಿಜ್ಜಿನ ಬೆನ್ನು, ಗಾಡಿಯ ಸೈಲೆನ್ಸರ್ ಎಲ್ಲವನ್ನೂ ತಿನ್ನುತ್ತದೆ. ಸಂಜೆ ನಡೆದು ಹೋಗಿ ಕಡಲು ನೋಡಿ ಬರಬಹುದು, ಮನೆ ನಾಲ್ಕು ಓಣಿ ಒಳಗಿರಲಿ.

4. ಮನೆಗಳ ಸುದ್ದಿ ಸಿಗುವುದು ಎಲ್ಲಿ

ದೊಡ್ಡ ನಗರಗಳಂತೆ ಇಲ್ಲಿ ಮೊಬೈಲ್ ಆ್ಯಪ್‌ಗಳನ್ನು ನಂಬಿ ಕೂರಬೇಡಿ. ಕಿರಾಣಿ ಅಂಗಡಿ, ರಿಕ್ಷಾ ನಿಲ್ದಾಣ, ಕಚೇರಿಯ ಹಿರಿಯ ಗುಮಾಸ್ತರು, ಸ್ಥಳೀಯ ಪತ್ರಿಕೆಯ ಕಿರು ಜಾಹೀರಾತು, ಗೇಟಿಗೆ ನೇತುಹಾಕಿದ "ಮನೆ ಬಾಡಿಗೆಗೆ ಇದೆ" ಫಲಕ. ವರ್ಗಾವಣೆಯ ಕಾಲದಲ್ಲಿ, ಅಂದರೆ ಏಪ್ರಿಲ್‌ನಿಂದ ಜೂನ್‌ವರೆಗೆ, ಮನೆಗಳು ಖಾಲಿಯಾಗುತ್ತವೆ. ಕೊಂಕಣಿ ನಾಲ್ಕು ಮಾತು ಬಂದರೆ ಬಾಗಿಲು ಬೇಗ ತೆರೆಯುತ್ತದೆ. ಮನೆ ನೋಡದೆ ಫೋನಿನಲ್ಲಿ ಮುಂಗಡ ಕಳಿಸಿ ಎನ್ನುವವರು ಯಾರೇ ಆಗಲಿ, ಮಾತು ಅಲ್ಲಿಗೇ ಮುಗಿಸಿ.

5. ಓಣಿಯನ್ನು ಮೂರು ಹೊತ್ತು ನೋಡಿ

ಹಗಲು ಒಮ್ಮೆ, ರಾತ್ರಿ ಒಂಬತ್ತರ ನಂತರ ಒಮ್ಮೆ, ಸಾಧ್ಯವಾದರೆ ಜೋರು ಮಳೆ ಬಿದ್ದ ಗಂಟೆಯೊಳಗೆ ಒಮ್ಮೆ. ಮೇ ತಿಂಗಳಲ್ಲಿ ನೋಡುವವರಿಗೆ ಮಳೆ ಸಿಗುವುದಿಲ್ಲ. ಆಗ ಗುರುತುಗಳನ್ನು ಓದಬೇಕು.

ಪಾಗಾರದ ಗೋಡೆಯಲ್ಲಿ ಒಂದೇ ಮಟ್ಟಕ್ಕೆ ಎಳೆದಂತೆ ಕಂದು ಗೆರೆ ಇದೆಯೇ? ಅದು ಹೋದ ಮಳೆಗಾಲದಲ್ಲಿ ನೀರು ನಿಂತ ಮಟ್ಟ. ಗಟಾರದ ಮಟ್ಟ ಅಂಗಳಕ್ಕಿಂತ ಮೇಲಿದೆಯೇ? ಮನೆಗಳ ಹೊಸ್ತಿಲಿಗೆ ಆಮೇಲೆ ಸೇರಿಸಿದ ಎತ್ತರದ ಸಿಮೆಂಟ್ ಕಟ್ಟೆಗಳಿವೆಯೇ? ಓಣಿಯಲ್ಲಿ ನಾಲ್ಕು ಮನೆಯವರು ಹಾಗೆ ಕಟ್ಟಿಸಿಕೊಂಡಿದ್ದರೆ ಅವರಿಗೆ ಏನೋ ಗೊತ್ತಿದೆ. ಮಾಲೀಕರನ್ನು ಕೇಳುವುದಕ್ಕಿಂತ ಎದುರು ಮನೆಯವರನ್ನು ಕೇಳಿ. "ಇಲ್ಲಿ ನೀರು ನಿಲ್ಲುತ್ತದೆಯೇ" ಎಂದರೆ "ಇಲ್ಲ" ಎಂಬ ಉತ್ತರ ಸುಲಭ. "ಹೋದ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು?" ಎಂದು ಕೇಳಿ, ಕೈ ತೋರಿಸಿ ಹೇಳುತ್ತಾರೆ.

ರಾತ್ರಿ ನೋಡಬೇಕಾದ್ದು ಬೀದಿ ದೀಪ, ನಾಯಿಗಳ ಹಿಂಡು, ಬಸ್ ನಿಲುಗಡೆಯಿಂದ ಮನೆಯವರೆಗಿನ ದಾರಿ, ನಿಮ್ಮಿಬ್ಬರ ಮೊಬೈಲಿಗೂ ಸಿಗ್ನಲ್. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ವಿದ್ಯುತ್ ಹೋದರೆ ಎಷ್ಟು ಹೊತ್ತಿಗೆ ಬರುತ್ತದೆ ಎಂದೂ ಅಕ್ಕಪಕ್ಕದಲ್ಲಿ ಕೇಳಿ.

6. ಮನೆಯೊಳಗೆ: ತೇವ, ನೀರು, ಮೀಟರು

ಕರಾವಳಿಯಲ್ಲಿ ಮಳೆ ನೇರ ಬೀಳುವುದಿಲ್ಲ, ಕಡಲ ಕಡೆಯಿಂದ ಗಾಳಿಯ ಜೊತೆ ಓರೆಯಾಗಿ ಬಂದು ಪಡುವಣ ಗೋಡೆಗೆ ಹೊಡೆಯುತ್ತದೆ. ಹಾಗಾಗಿ ಮೊದಲು ಆ ಗೋಡೆಗೆ ಹೋಗಿ. ಕಿಟಕಿಯ ಮೇಲೆ ಸಜ್ಜಾ, ಅಂದರೆ ಮುಂದೆ ಚಾಚಿದ ಕಾಂಕ್ರೀಟ್ ನೆರಳು, ಎಷ್ಟು ಅಗಲವಿದೆ ನೋಡಿ. ಕಪಾಟಿನ ಹಿಂದೆ ಟಾರ್ಚು ಹಾಕಿ. ಗೋಡೆಯ ಬಣ್ಣ ಗುಳ್ಳೆಯೆದ್ದು ಉಗುರು ತಾಗಿದರೆ ಪದರವಾಗಿ ಉದುರುತ್ತಿದ್ದರೆ, ಒಳಗಿನಿಂದ ಬಿಳಿ ಪುಡಿ ಮೇಲೆ ಬಂದಿದ್ದರೆ, ಗೋಡೆ ನೀರು ಕುಡಿಯುತ್ತಿದೆ. ಇಡೀ ಮನೆಗೆ ಹಳೆಯ ಬಣ್ಣವಿದ್ದು ಒಂದೇ ಗೋಡೆಗೆ ಸೊಂಟದ ಮಟ್ಟದವರೆಗೆ ಹೊಸ ಬಣ್ಣ ಬಳಿದಿದ್ದರೆ ಸಂದೇಹ ಬೇಡ. ಸ್ವಿಚ್ಚಿನ ಪೆಟ್ಟಿಗೆಯ ಕೆಳಗೆ ಕಂದು ಕಲೆ ಇಳಿದಿರುವುದು ಎಲ್ಲಕ್ಕಿಂತ ಕೆಟ್ಟ ಗುರುತು. ಅಲ್ಲಿ ಮಳೆಗಾಲದಲ್ಲಿ ಗೋಡೆ ಮುಟ್ಟಿದರೆ ಜುಮ್ಮೆನ್ನಬಹುದು. ಅಂಥ ಮನೆ ಪುಕ್ಕಟೆ ಕೊಟ್ಟರೂ ಬೇಡ.

ಹಂಚಿನ ಮನೆಯೋ ತಾರಸಿಯ ಮನೆಯೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಹಂಚಿನ ಮನೆ ಬೇಸಿಗೆಯಲ್ಲಿ ತಂಪು. ಹಂಚು ಸರಿದರೆ ಸೋರುತ್ತದೆ, ಮಂಗಗಳು ಅದನ್ನು ಸರಿಸಿಯೇ ಸರಿಸುತ್ತವೆ. ತಾರಸಿಯ ಮೇಲೆ ತಗಡಿನ ಮಾಡು ಹಾಕಿಸಿದ ಮನೆಯಾದರೆ ಎರಡು ಲಾಭ: ಸೋರುವುದು ಕಡಿಮೆ, ಮೇಲೆ ಬಟ್ಟೆ ಒಣಗಿಸಲು ಜಾಗ. ಇಬ್ಬರ ಒದ್ದೆ ಬಟ್ಟೆ ನಾಲ್ಕು ತಿಂಗಳು ಒಳಕೋಣೆಯಲ್ಲಿ ನೇತಾಡಿದರೆ ಪುಸ್ತಕ, ಚಪ್ಪಲಿ, ಚರ್ಮದ ಚೀಲ ಎಲ್ಲಕ್ಕೂ ಬೂಷ್ಟು ಹತ್ತುತ್ತದೆ. ಮನೆ ನೋಡುವಾಗಲೇ "ಜುಲೈನಲ್ಲಿ ಬಟ್ಟೆ ಎಲ್ಲಿ ಒಣಗಿಸುವುದು?" ಎಂದು ಕೇಳಿಬಿಡಿ.

ಈಗ ಸಾಬೂನು. ಬಾವಿಯ ಅಥವಾ ಕೊಳವೆಬಾವಿಯ ನೀರಿನಲ್ಲಿ ಕೈ ತೊಳೆದು ನೋಡಿ. ನೊರೆ ಬಾರದೆ ಕೈ ಅಂಟಂಟಾದರೆ ನೀರು ಗಡಸು ಅಥವಾ ಉಪ್ಪು. ಮಳೆಗಾಲದಲ್ಲಿ ಸಿಹಿಯಾಗಿದ್ದ ಬಾವಿ ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪಾಗಬಹುದು. ಪರೀಕ್ಷೆಗೆ ಬೇಸಿಗೆಯೇ ಸರಿಯಾದ ಕಾಲ. ಊರ ನಲ್ಲಿಗೆ ನೀರು ಬರುವುದು ಗಂಗಾವಳಿ ನದಿಯಿಂದ. ನಲ್ಲಿ ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತಿಗೆ ಬಿಡುತ್ತಾರೆ ಎಂದು ತಿಳಿಯಿರಿ. ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಮನೆ ಬಿಡುವವರಾಗಿ ನೀರು ಹತ್ತಕ್ಕೆ ಬರುವುದಾದರೆ, ತಾನಾಗಿ ತುಂಬಿಕೊಳ್ಳುವ ಟಾಕಿ ಇರಲೇಬೇಕು.

ವಿದ್ಯುತ್ ಮೀಟರು ನಿಮ್ಮ ಮನೆಗೇ ಪ್ರತ್ಯೇಕ ಇದೆಯೇ ನೋಡಿ. ಇದ್ದರೆ ಅದರ ಆರ್‌ಆರ್ ನಂಬರ್ (ಹೆಸ್ಕಾಂ ಪ್ರತಿ ಸಂಪರ್ಕಕ್ಕೆ ಕೊಡುವ ಗುರುತಿನ ಸಂಖ್ಯೆ) ಬರೆದುಕೊಳ್ಳಿ. ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ: ತಿಂಗಳಿಗೆ 200 ಯೂನಿಟ್ ಮೀರದಂತೆ, ಹಿಂದಿನ ಬಳಕೆಯ ಸರಾಸರಿಯನ್ನು ಆಧರಿಸಿ ರಿಯಾಯಿತಿ. ಎಡವುವುದು ಎಲ್ಲೆಂದರೆ, ಹಳೆಯ ಬಾಡಿಗೆದಾರರು ತಮ್ಮ ಆಧಾರ್ ಜೋಡಣೆಯನ್ನು ತೆಗೆಸದೆ ಹೋಗಿರುತ್ತಾರೆ, ಆಗ ನಿಮ್ಮ ಅರ್ಜಿ ನಿಲ್ಲುತ್ತದೆ. ಕೀಲಿ ಪಡೆಯುವ ಮೊದಲೇ ಅದನ್ನು ತೆಗೆಸಿಕೊಡಲು ಮಾಲೀಕರಿಗೆ ಹೇಳಿ. ಎರಡು ಮನೆಗೆ ಒಂದೇ ಮೀಟರಾದರೆ ಬಿಲ್ಲು ಹೇಗೆ ಹಂಚುತ್ತಾರೆ ಎಂಬುದು ಬರಹದಲ್ಲಿ ಇರಬೇಕು.

7. ಅಗ್ಗದ ಮನೆಯ ಲೆಕ್ಕ ಹಾಕಿ

ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ. ಊರೊಳಗಿನ ಮನೆಗೆ 11,000, ನದಿಯಾಚೆಯ ಮನೆಗೆ 9,000. ಎರಡು ಸಾವಿರ ಉಳಿಯಿತು ಎಂದು ಖುಷಿ. ಇಬ್ಬರ ಕೆಲಸವೂ ಊರೊಳಗೆ ಇದ್ದು, ಹೋಗಲು 10, ಬರಲು 10 ಕಿಲೋಮೀಟರ್ ಎಂದಾದರೆ, 26 ದಿನಕ್ಕೆ 520 ಕಿಲೋಮೀಟರ್. ಲೀಟರಿಗೆ 45 ಕಿಲೋಮೀಟರ್ ಓಡುವ ಸ್ಕೂಟರಿಗೆ ಸುಮಾರು ಹನ್ನೊಂದೂವರೆ ಲೀಟರ್ ಪೆಟ್ರೋಲ್, ಹೆಚ್ಚುಕಡಿಮೆ 1,200 ರೂಪಾಯಿ. ಎರಡು ಸ್ಕೂಟರಿಗೆ 2,400. ಉಳಿದದ್ದಕ್ಕಿಂತ ಹೆಚ್ಚು ಹೋಯಿತು, ಮಳೆಯಲ್ಲಿ ಸೇತುವೆಯ ಮೇಲಿನ ಅಡ್ಡಗಾಳಿ ಬೇರೆ. ಇಬ್ಬರೂ ಒಂದೇ ಗಾಡಿಯಲ್ಲಿ ಹೋಗಿಬರುವ ಹಾಗಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಮಾಜಾಳಿ ಕಡೆಯವರು ಗೋವಾ ಗಡಿಯಾಚೆ ಪೆಟ್ರೋಲ್ ಹಾಕಿಸಿಕೊಂಡು ಉಳಿಸುವ ಚಿಲ್ಲರೆಯನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ.

ಎರಡು ಕೋಣೆ ಸಮವಾಗಿಲ್ಲದಿದ್ದರೆ ಬಾಡಿಗೆಯೂ ಸಮವಾಗಿರಬಾರದು. ಪಡುವಣ ಗೋಡೆಯ ತೇವದ ಕೋಣೆ ಸಿಕ್ಕವರಿಗೆ ಕಡಿಮೆ, ಗಾಳಿ ಬೆಳಕಿನ ಕೋಣೆಯವರಿಗೆ ಹೆಚ್ಚು.

8. ಕರಾರು ಪತ್ರ: ಇಬ್ಬರ ಹೆಸರೂ ಇರಲಿ

ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಬೇಕಾಗುತ್ತದೆ. ಅದನ್ನು ತಪ್ಪಿಸಲು 11 ತಿಂಗಳಿಗೆ ಬರೆಯುವುದು ರೂಢಿ. ಛಾಪಾ ಕಾಗದದ ಮೇಲೆ, ಇಬ್ಬರು ಸಾಕ್ಷಿಗಳೊಂದಿಗೆ ಬರೆಸಿ.

ಒಬ್ಬರ ಹೆಸರಿನಲ್ಲಷ್ಟೇ ಕರಾರು ಮಾಡಿ ಇನ್ನೊಬ್ಬರು "ಜೊತೆಗಿರುತ್ತಾರೆ" ಎಂದು ಬಾಯಿಮಾತಿನಲ್ಲಿ ಬಿಡುವುದು ಎಲ್ಲರೂ ಮಾಡುವ ತಪ್ಪು. ಆ ಇನ್ನೊಬ್ಬರಿಗೆ ಮನೆಯ ಮೇಲೆ ಹಕ್ಕೂ ಇಲ್ಲ, ಮುಂಗಡದ ಮೇಲೆ ದಾಖಲೆಯೂ ಇಲ್ಲ. ಮಾಲೀಕರು ಮನಸ್ಸು ಮಾಡಿದರೆ ಅದನ್ನು ಒಳಬಾಡಿಗೆ (ಬಾಡಿಗೆದಾರನೇ ಮತ್ತೊಬ್ಬರಿಗೆ ಬಾಡಿಗೆಗೆ ಕೊಡುವುದು) ಎಂದು ಕರೆದು ಮನೆ ಬಿಡಿಸಬಹುದು. ಇಬ್ಬರ ಹೆಸರೂ ಇದ್ದಾಗ "ಒಟ್ಟಾಗಿ ಮತ್ತು ಪ್ರತ್ಯೇಕವಾಗಿ ಹೊಣೆಗಾರರು" ಎಂಬ ಸಾಲು ಬರುತ್ತದೆ. ಅದರರ್ಥ, ಒಬ್ಬರು ಬಾಡಿಗೆ ಕೊಡದೆ ಹೋದರೆ ಪೂರ್ತಿ ಬಾಡಿಗೆಯನ್ನು ಇನ್ನೊಬ್ಬರಿಂದ ಕೇಳಬಹುದು. ಇದು ತಿಳಿದೇ ಸಹಿ ಹಾಕಿ.

ಕರಾವಳಿಯ ಕರಾರಿನಲ್ಲಿ ಎರಡು ಸಾಲು ವಿಶೇಷವಾಗಿ ಬೇಕು. ಒಂದು, ಸೋರುವ ಜಾಗಗಳ ದುರಸ್ತಿಯನ್ನು ಮೇ ತಿಂಗಳೊಳಗೆ ಮಾಲೀಕರು ಮಾಡಿಸಬೇಕು. ಎರಡು, ಮಳೆಯ ತೇವದಿಂದ ಬಣ್ಣ ಉದುರಿದರೆ ಅದು ಬಾಡಿಗೆದಾರರು ಮಾಡಿದ ಹಾನಿಯಲ್ಲ. ಮನೆ ಬಿಡುವಾಗ ಸುಣ್ಣಬಣ್ಣದ ಹೆಸರಿನಲ್ಲಿ ಮುಂಗಡ ಹಿಡಿದುಕೊಳ್ಳುವುದು ಸಾಮಾನ್ಯ. ಇಲ್ಲಿನ ಗೋಡೆಗಳು ಯಾರೂ ಮುಟ್ಟದಿದ್ದರೂ ಒಂದು ಮಳೆಗಾಲಕ್ಕೆ ಬಣ್ಣ ಬಿಡುತ್ತವೆ. ಉಳಿದಂತೆ ಮನೆ ಬಿಡುವ ಸೂಚನೆ ಎಷ್ಟು ತಿಂಗಳು, ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ನೀರಿನ ಶುಲ್ಕ ಯಾರದು ಎಂಬುದು ಇದ್ದರೆ ಸಾಕು. ಸಂಬಳದಾರರು ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆ ಬಾಡಿಗೆಯ ವಿನಾಯಿತಿ ಕೇಳುವುದಾದರೆ ಇಬ್ಬರೂ ತಮ್ಮ ತಮ್ಮ ಪಾಲಿಗೆ ಬೇರೆ ರಸೀದಿ ಪಡೆಯಿರಿ. ವರ್ಷಕ್ಕೆ ಒಂದು ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಸಂಖ್ಯೆಯೂ ಬೇಕು.

"ಬಾಡಿಗೆ ಬೇಡ, ಭೋಗ್ಯಕ್ಕೆ ಕೊಡುತ್ತೇನೆ" ಎನ್ನುವವರೂ ಸಿಗಬಹುದು. ಭೋಗ್ಯವೆಂದರೆ ದೊಡ್ಡ ಮೊತ್ತ ಒಮ್ಮೆಗೇ ಕೊಟ್ಟು ಬಾಡಿಗೆಯಿಲ್ಲದೆ ಇರುವುದು, ಬಿಡುವಾಗ ಅದು ಮರಳುತ್ತದೆ. ಇಬ್ಬರು ಸ್ನೇಹಿತರು ಸೇರಿ ಇದಕ್ಕೆ ಕೈ ಹಾಕಬಾರದು ಎಂಬುದು ನನ್ನ ಮಾತು. ಒಬ್ಬರು ನಡುವೆ ಹೊರಟರೆ ಅವರ ಪಾಲನ್ನು ಕೊಡಲು ಇನ್ನೊಬ್ಬರ ಹತ್ತಿರ ಹಣವಿರುವುದಿಲ್ಲ.

9. ನಿಮ್ಮಿಬ್ಬರ ನಡುವೆ ಒಂದು ಪುಟ

ಛಾಪಾ ಕಾಗದ ಬೇಡ, ನೋಟ್‌ಬುಕ್ಕಿನ ಹಾಳೆ ಸಾಕು. ಮುಂಗಡದಲ್ಲಿ ಯಾರದು ಎಷ್ಟು, ಗ್ಯಾಸ್ ಸಂಪರ್ಕ ಯಾರ ಹೆಸರಿನಲ್ಲಿ, ಫ್ರಿಜ್ಜು ಯಾರದು. ಪಾತ್ರೆ, ಮಂಚದಂಥವನ್ನು ಅರ್ಧರ್ಧ ಹಣ ಹಾಕಿ ಕೊಳ್ಳಬೇಡಿ. ಒಂದೊಂದು ವಸ್ತು ಒಬ್ಬೊಬ್ಬರದಾಗಿರಲಿ. ನಡುವೆ ಬಿಟ್ಟು ಹೋಗುವವರು ಎಷ್ಟು ದಿನ ಮೊದಲು ತಿಳಿಸಬೇಕು, ಬದಲಿ ಜನ ಸಿಗುವವರೆಗೆ ಅವರ ಪಾಲಿನ ಬಾಡಿಗೆ ಯಾರು ಕೊಡಬೇಕು, ಬದಲಿಯನ್ನು ಆರಿಸುವ ಹಕ್ಕು ಯಾರಿಗೆ. ಕೊನೆಯದು ಉಳಿದುಕೊಳ್ಳುವವರಿಗೇ ಸೇರಬೇಕು.

10. ಕೀಲಿ ಪಡೆಯುವ ದಿನ

ಸಾಮಾನು ಇಳಿಸುವ ಮೊದಲು ಖಾಲಿ ಮನೆಯ ವಿಡಿಯೋ ಮಾಡಿ: ಪ್ರತಿ ಗೋಡೆ, ನಲ್ಲಿ, ಫ್ಯಾನು, ಕಿಟಕಿಯ ಗಾಜು, ಮೀಟರಿನ ಅಂಕಿ. ಅದೇ ದಿನ ಮಾಲೀಕರ ಮೊಬೈಲಿಗೆ ಕಳಿಸಿ. ಬಾಗಿಲ ಬೀಗವನ್ನು ಬದಲಿಸಲು ಒಪ್ಪಿಗೆ ಕೇಳಿ. ಮರದ ಕಪಾಟನ್ನು ಗೋಡೆಗೆ ಒತ್ತಿ ಇಡದೆ ಒಂದು ಗೇಣು ಬಿಟ್ಟು ಇಡಿ.

ನೌಕಾನೆಲೆ ಮತ್ತು ಅಣುಸ್ಥಾವರ ಇರುವ ತಾಲ್ಲೂಕು ಇದು. ಬಾಡಿಗೆದಾರರ ವಿವರವನ್ನು ಪೊಲೀಸ್ ಠಾಣೆಗೆ ಕೊಡುತ್ತೇನೆಂದು ಮಾಲೀಕರು ಗುರುತಿನ ಪತ್ರ, ಭಾವಚಿತ್ರ ಕೇಳಿದರೆ ಬೇಸರಿಸಬೇಡಿ. ಆಧಾರ್‌ನ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮರೆಮಾಚಿದ ಪ್ರತಿಯನ್ನು ಆಧಾರ್ ಪ್ರಾಧಿಕಾರದ ಜಾಲತಾಣದಿಂದ ಇಳಿಸಿಕೊಂಡು ಕೊಡಿ, ಮೇಲೆ "ಬಾಡಿಗೆ ಮನೆಯ ಉದ್ದೇಶಕ್ಕೆ ಮಾತ್ರ" ಎಂದು ದಿನಾಂಕ ಸಹಿತ ಬರೆದು ಇಬ್ಬರೂ ಸಹಿ ಹಾಕಿ.